ಗಂಧದೆಣ್ಣೆಯ ಮದ್ದು: ಗುಣವಾಯಿತೆಂಬುದಕ್ಕೆ ಸಾಕ್ಷಿ ಯಾವುದು?

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಸುವರ್ಣಮುಖಿ ನದಿ ಗುಡ್ಡಗಳ ನಡುವೆ ಹಾದುಹೋಗುವ ಇಕ್ಕಟ್ಟಿನಲ್ಲಿ ಬೋರನಕಣಿವೆ ಇದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಇಲ್ಲಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿತು. ತಗ್ಗಿನಲ್ಲಿ ತೆಂಗು, ಅಡಕೆ. ಗುಡ್ಡದ ಮೇಲೆ ಕುರುಚಲು ಕಾಡು. ಇಂಥ ಒಣಸೀಮೆಯ ಕುರುಚಲಿನಲ್ಲಿ, ಹೊಲದ ಬದುವಿನಲ್ಲಿ, ಬೇಲಿಯ ಸಾಲಿನಲ್ಲಿ ಯಾರೂ ನೆಡದೆ ತಾನಾಗಿ ಹುಟ್ಟಿಕೊಳ್ಳುವ ಮರ ಶ್ರೀಗಂಧ. ಹಕ್ಕಿ ತಿಂದು ಹಾಕಿದ ಬೀಜ ಮೊಳೆತು, ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ತಗುಲಿಸಿ ನೀರು, ಲವಣ ಹೀರಿಕೊಂಡು ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಅರೆ ಪರಾವಲಂಬಿ ಎನ್ನುತ್ತಾರೆ.

ತನ್ನ ಹೊಲದಲ್ಲೇ ಹುಟ್ಟಿದರೂ ಈ ಮರ ರೈತನದಾಗಿರಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಂದ ಅರಸರೂ, ಬ್ರಿಟಿಷರೂ, ಸ್ವಾತಂತ್ರ್ಯಾನಂತರದ ಸರ್ಕಾರಗಳೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ತಿದ್ದುಪಡಿಯಾದ ಮೇಲಷ್ಟೇ ಜಮೀನಿನ ಒಡೆಯ ಅಲ್ಲಿನ ಗಂಧದ ಮರಕ್ಕೂ ಒಡೆಯನಾದ.

ಗಂಧವೆಂದೊಡನೆ ನಮಗೆ ನೆನಪಾಗುವುದು ದೇವರ ಕೋಣೆಯ ಸಾಣೆಕಲ್ಲು, ಸಾಗರ, ಸೊರಬದ ಗುಡಿಗಾರರ ಕೆತ್ತನೆ, ಮೈಸೂರಿನ ಸಾಬೂನು. ಇದೇ ಮರದ ಎಣ್ಣೆ ಸುಮಾರು 70 ವರ್ಷಗಳ ಕಾಲ ಯೂರೋಪು, ಅಮೆರಿಕಗಳಲ್ಲಿ ಒಂದು ಗುಹ್ಯರೋಗಕ್ಕೆ ಹೆಸರಾಂತ ಮದ್ದಾಗಿತ್ತು ಎಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಾರದು. ಆ ರೋಗದ ಹೆಸರು ಗೊನೋರಿಯ. ಲೈಂಗಿಕ ಸಂಪರ್ಕದಿಂದ ಒಬ್ಬರಿಂದ ಒಬ್ಬರಿಗೆ ಹರಡುವ ಸೋಂಕು ಇದು. ಗಂಡಸರಲ್ಲಿ ಸಾಮಾನ್ಯವಾಗಿ ಮೂತ್ರ ಮಾಡುವಾಗ ಉರಿ, ಕೀವಿನಂಥ ಸ್ರಾವ ಕಾಣಿಸಿಕೊಳ್ಳುತ್ತದೆ. ಮದ್ದು ನಿಜವಾಗಿ ಕೆಲಸ ಮಾಡುತ್ತಿತ್ತೇ? ಮಾಡುತ್ತಿತ್ತೆಂದು ಜನ ನಂಬಿದ್ದು ಯಾವ ಸಾಕ್ಷಿಯ ಮೇಲೆ? ಈ ಪ್ರಶ್ನೆ ಹಳೆಯದಾದರೂ ಇದರ ಪಾಠ ಹಳೆಯದಾಗಿಲ್ಲ.

ಸಾಣೆಕಲ್ಲಿನಿಂದ ಕ್ಯಾಪ್ಸೂಲಿಗೆ

ಆಯುರ್ವೇದದಲ್ಲಿ ಚಂದನ ಶೀತಗುಣದ ದ್ರವ್ಯ. ಉರಿ, ದಾಹ, ಜ್ವರಗಳಿಗೆ ಅದನ್ನು ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಉರಿಮೂತ್ರಕ್ಕೆ ಗಂಧದ ಕೊರಡನ್ನು ತೇದು ಎಳನೀರಿನಲ್ಲೋ ಹಾಲಿನಲ್ಲೋ ಕದಡಿ ಕುಡಿಸುವ ಪದ್ಧತಿ ಇದೆ. ಗುಹ್ಯರೋಗದ ಸ್ರಾವಕ್ಕೆ ಜನ ಮೇಹ ಎಂದು ಕರೆದರು. ಆದರೆ ಮೇಹ ಎಂಬ ಒಂದೇ ಮಾತಿನೊಳಗೆ ಹಲವು ಕಾಯಿಲೆಗಳು ಸೇರಿಕೊಂಡಿದ್ದವು. ಬೇಸಗೆಯ ಉರಿಮೂತ್ರ, ಮೂತ್ರದ ಕಲ್ಲು, ಸಕ್ಕರೆ ಕಾಯಿಲೆ, ಗೊನೋರಿಯ ಇವೆಲ್ಲ ಒಂದೇ ಹೆಸರಿನ ನೆರಳಿನಲ್ಲಿದ್ದವು. ಹೀಗಿರುವಾಗ ಗಂಧ ಕುಡಿದು ವಾಸಿಯಾದವನಿಗೆ ಇದ್ದದ್ದು ಯಾವ ಕಾಯಿಲೆ ಎಂದು ಹೇಳುವವರಾರು?

ಮದರಾಸಿನಲ್ಲಿ ಕಂಪನಿ ಸರ್ಕಾರದ ವೈದ್ಯನಾಗಿದ್ದ ವೈಟ್‌ಲಾ ಏನ್‌ಸ್ಲಿ ದಕ್ಷಿಣ ಭಾರತದ ಮದ್ದುಗಳನ್ನು ಪಟ್ಟಿ ಮಾಡಿ 1826ರಲ್ಲಿ ಲಂಡನ್ನಿನಲ್ಲಿ 'ಮೆಟೀರಿಯ ಇಂಡಿಕ' ಎಂಬ ಗ್ರಂಥ ಅಚ್ಚು ಹಾಕಿಸಿದ. ಇಲ್ಲಿನ ವೈದ್ಯರು ಗಂಧವನ್ನು ಗೊನೋರಿಯಕ್ಕೆ ಕೊಡುತ್ತಾರೆಂದು ಅದರಲ್ಲಿ ದಾಖಲಿಸಿದ. 1865ರಲ್ಲಿ ಗ್ಲಾಸ್ಗೋ ನಗರದ ಹೆಂಡರ್ಸನ್ ಎಂಬ ವೈದ್ಯ ಗಂಧದೆಣ್ಣೆಯನ್ನೇ ರೋಗಿಗಳಿಗೆ ಕೊಟ್ಟು ಒಳ್ಳೆಯ ಫಲ ಕಂಡೆನೆಂದು ಬರೆದ. ಪ್ಯಾರಿಸ್ಸಿನ ಪನಾಸ್ ಎಂಬ ವೈದ್ಯನೂ ಅದನ್ನು ಪ್ರಯೋಗಿಸಿ ನೋಡಿದ. 1885ರಲ್ಲಿ ಗಂಧದೆಣ್ಣೆ ಬ್ರಿಟಿಷ್ ಔಷಧಕೋಶದಲ್ಲಿ ಜಾಗ ಪಡೆಯಿತು. ಸಾಂತಾಲ್ ಮಿದಿ ಎಂಬ ಫ್ರೆಂಚ್ ಕ್ಯಾಪ್ಸೂಲು ದೇಶದೇಶಗಳ ಔಷಧದ ಅಂಗಡಿಗಳಲ್ಲಿ ಮಾರಾಟವಾಯಿತು. ಅಂದರೆ ಸಾಣೆಕಲ್ಲಿನ ಮೇಲಿನ ಮನೆಮದ್ದು ಇಪ್ಪತ್ತು ವರ್ಷಗಳಲ್ಲಿ ಅಧಿಕೃತ ಔಷಧವಾಯಿತು.

ಈ ಬೇಡಿಕೆಯ ಲಾಭ ಮೈಸೂರು ಸಂಸ್ಥಾನಕ್ಕೂ ಬಂತು. ಆದರೆ ಸಂಸ್ಥಾನ ಮಾರುತ್ತಿದ್ದದ್ದು ಕೊರಡನ್ನು. ಎಣ್ಣೆ ಬಟ್ಟಿ ಇಳಿಸುತ್ತಿದ್ದದ್ದು ಹೆಚ್ಚಾಗಿ ಜರ್ಮನಿಯಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿತು, ಕೊರಡು ಡಿಪೋಗಳಲ್ಲೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕೆಗಳ ಹೊಣೆ ಹೊತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಬಟ್ಟಿ ಇಳಿಸುವ ವಿಧಾನವನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಸ್ಯಾಂಟಲಾಲ್ ಎಂಬ ಸಾರಾಂಶ ಎಣ್ಣೆಯಲ್ಲಿ ಶೇಕಡ 90ಕ್ಕಿಂತ ಕಡಿಮೆ ಇರಬಾರದೆಂಬ ಔಷಧಕೋಶದ ಕಟ್ಟಳೆಯನ್ನು ಮೈಸೂರಿನ ಎಣ್ಣೆ ಸಲೀಸಾಗಿ ಮುಟ್ಟುತ್ತಿತ್ತು.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಣ್ಣೆ ಶುದ್ಧವಾಗಿದೆಯೇ ಎಂದು ಅಳೆಯುವ ಕ್ರಮ ಸಿದ್ಧವಾಗಿತ್ತು. ಆ ಶುದ್ಧವಾದ ಎಣ್ಣೆ ರೋಗವನ್ನು ವಾಸಿ ಮಾಡುತ್ತದೆಯೇ ಎಂದು ಅಳೆಯುವ ಕ್ರಮ ಇನ್ನೂ ಸಿದ್ಧವಾಗಿರಲಿಲ್ಲ. ಈ ಎರಡೂ ಬೇರೆ ಬೇರೆ ಪ್ರಶ್ನೆಗಳು. ಸರ್ಕಾರದ ಮೊಹರು ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೂ ಅದೇ ಉತ್ತರವೆಂದು ಜನ ತಿಳಿದುಬಿಡುತ್ತಾರೆ.

ಮೊದಲು, ಆಮೇಲೆ

ಆ ಕಾಲದ ವೈದ್ಯರು ಸುಳ್ಳು ಹೇಳುತ್ತಿರಲಿಲ್ಲ. ಅವರು ಕಂಡದ್ದು ನಿಜ. ಎಣ್ಣೆ ತೆಗೆದುಕೊಂಡ ರೋಗಿಗೆ ಕೆಲವು ದಿನಗಳಲ್ಲಿ ಉರಿ ತಗ್ಗುತ್ತಿತ್ತು, ಸ್ರಾವ ಕಡಿಮೆಯಾಗುತ್ತಿತ್ತು. ಎಣ್ಣೆಯ ಅಂಶ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಗೆ ಬರುವುದರಿಂದ ಮೂತ್ರಮಾರ್ಗದಲ್ಲಿ ಅದರ ಪರಿಣಾಮ ಆಗಬಹುದೆಂಬ ತರ್ಕವೂ ಇತ್ತು. ಮಾತ್ರೆ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ಸೊಂಟ ನೋಯುತ್ತದೆ ಎಂದೂ ಅವರು ಬರೆದಿಟ್ಟರು.

ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಮಗೆ ಇಂಥ ಸಾಕ್ಷಿಯ ಶಕ್ತಿಯೂ ಗೊತ್ತು, ದೌರ್ಬಲ್ಯವೂ ಗೊತ್ತು. ಮದ್ದಿಗೆ ಮುಂಚಿನ ಒಂದು ಚಿತ್ರ, ಮದ್ದಿನ ನಂತರದ ಒಂದು ಚಿತ್ರ ಪಕ್ಕಪಕ್ಕದಲ್ಲಿ ತೋರಿಸಿದರೆ ನೋಡುವವರು ನಡುವಿನ ಕಾರಣವನ್ನು ತಾವೇ ತುಂಬಿಕೊಳ್ಳುತ್ತಾರೆ. ಮಾತೇ ಬೇಕಾಗುವುದಿಲ್ಲ. ಆದರೆ ನಡುವಿನ ಆ ಎರಡು ವಾರಗಳಲ್ಲಿ ಬೇರೆ ಏನೇನು ನಡೆಯಿತು? ವೈದ್ಯರು ರೋಗಿಗೆ ಹೆಂಡ ಬಿಡಿಸುತ್ತಿದ್ದರು, ನೀರು ಹೆಚ್ಚು ಕುಡಿಸುತ್ತಿದ್ದರು, ವಿಶ್ರಾಂತಿ ಹೇಳುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಗೊನೋರಿಯದ ಸ್ರಾವ ಏನೂ ಮದ್ದು ಮಾಡದಿದ್ದರೂ ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಹಾಗಾದರೆ ಎಣ್ಣೆ ಕುಡಿಯದ ರೋಗಿಗಳ ಇನ್ನೊಂದು ಗುಂಪನ್ನು ಇಟ್ಟು ಹೋಲಿಸದೆ, ತಗ್ಗಿದ ಕೀರ್ತಿ ಎಣ್ಣೆಗೆ ಸಲ್ಲಬೇಕೆಂದು ತೀರ್ಮಾನಿಸುವುದು ಹೇಗೆ?

ತಿಪಟೂರು, ತುರುವೇಕೆರೆ ಸೀಮೆಯ ಮಕ್ಕಳಿಗೆ ಇದನ್ನು ಕೊಬ್ಬರಿಯ ಉದಾಹರಣೆಯಿಂದ ಹೇಳಬಹುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಯಿತೇ ಎಂದು ತಿಳಿಯಲು ಯಾರೂ ಸಿಪ್ಪೆಯ ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ಕೈಗೆತ್ತಿಕೊಂಡು ಅಲ್ಲಾಡಿಸುತ್ತಾರೆ. ಒಳಗೆ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಗಡಗಡ ಸದ್ದು ಬರುತ್ತದೆ. ಹೊರಗಿನ ಲಕ್ಷಣ ಒಂದು, ಒಳಗಿನ ಸ್ಥಿತಿ ಇನ್ನೊಂದು ಎಂಬುದು ಆ ರೈತನಿಗೆ ಗೊತ್ತು. ಗೊನೋರಿಯದ ವಿಷಯದಲ್ಲಿ ಒಳಗನ್ನು ನೋಡುವ ಉಪಾಯವೇ ವೈದ್ಯರಿಗೆ ಬಹುಕಾಲ ಇರಲಿಲ್ಲ.

ಸೂಕ್ಷ್ಮದರ್ಶಕ ಹೇಳಿದ ಸತ್ಯ

ಆ ಉಪಾಯವನ್ನು ಕೊಟ್ಟವನು ಜರ್ಮನಿಯ ಆಲ್ಬರ್ಟ್ ನೈಸರ್. 1879ರಲ್ಲಿ ಆತ ರೋಗಿಗಳ ಕೀವಿನಲ್ಲಿ ಜೋಡಿ ಜೋಡಿಯಾಗಿರುವ ದುಂಡನೆಯ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. 1885ರಲ್ಲಿ ಎರ್ನ್‌ಸ್ಟ್ ಬುಮ್ ಅದನ್ನು ಪ್ರಯೋಗಾಲಯದಲ್ಲಿ ಪ್ರತ್ಯೇಕವಾಗಿ ಬೆಳೆಸಿದ. ಗಂಧದೆಣ್ಣೆ ಬ್ರಿಟಿಷ್ ಔಷಧಕೋಶಕ್ಕೆ ಸೇರಿದ್ದೂ ಅದೇ ವರ್ಷ. ಮದ್ದಿಗೆ ಮನ್ನಣೆ ಸಿಕ್ಕ ವರ್ಷವೇ ಆ ಮದ್ದನ್ನು ಒರೆಗೆ ಹಚ್ಚುವ ಕಲ್ಲೂ ಸಿದ್ಧವಾಯಿತು.

ಒರೆಗೆ ಹಚ್ಚಿದಾಗ ಸಿಕ್ಕ ಉತ್ತರ ಹಿತವಾಗಿರಲಿಲ್ಲ. ಸ್ರಾವ ನಿಂತು, ವಾಸಿಯಾಯಿತೆಂದು ಮನೆಗೆ ಹೋದ ಗಂಡಸಿನ ದೇಹದಲ್ಲಿ ರೋಗಾಣು ಉಳಿದಿರಬಹುದು ಎಂಬುದು ಸ್ಪಷ್ಟವಾಗುತ್ತ ಬಂತು. ಗಂಧದೆಣ್ಣೆ ಉರಿಯನ್ನು ಶಮನ ಮಾಡುತ್ತಿತ್ತು, ಸೋಂಕನ್ನು ಬೇರುಸಹಿತ ಕೀಳುತ್ತಿರಲಿಲ್ಲ.

ಇದು ಬರೀ ಶಾಸ್ತ್ರಚರ್ಚೆ ಎಂದುಕೊಳ್ಳಬೇಡಿ. ನ್ಯೂಯಾರ್ಕಿನಲ್ಲಿ ವೃತ್ತಿ ನಡೆಸುತ್ತಿದ್ದ ಎಮಿಲ್ ನೋಗರಾತ್ ಎಂಬ ಸ್ತ್ರೀರೋಗತಜ್ಞ, ರೋಗಾಣು ಪತ್ತೆಯಾಗುವುದಕ್ಕೂ ಮುಂಚೆ, 1872ರಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದ. ಮದುವೆಗೆ ಮುಂಚೆ ಎಂದೋ ವಾಸಿಯಾಯಿತೆಂದು ಗಂಡ ಮರೆತ ಕಾಯಿಲೆ ಹೆಂಡತಿಗೆ ಅಂಟುತ್ತದೆ, ಅವಳ ಗರ್ಭಕೋಶದ ನಾಳಗಳನ್ನು ಕೆಡಿಸಿ ಮಕ್ಕಳಾಗದಂತೆ ಮಾಡುತ್ತದೆ ಎಂದ. ಆಗ ಅವನ ಮಾತನ್ನು ಬಹಳ ಜನ ಒಪ್ಪಲಿಲ್ಲ. ಮುಂದೆ ಸೂಕ್ಷ್ಮದರ್ಶಕ ಅವನ ಮಾತಿನ ಮುಖ್ಯಾಂಶವನ್ನು ಎತ್ತಿ ಹಿಡಿಯಿತು. ಹೆಂಗಸರಲ್ಲಿ ಈ ಸೋಂಕು ಎಷ್ಟೋ ವೇಳೆ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ತಾಯಿಗೆ ಸೋಂಕಿದ್ದರೆ ಹೆರಿಗೆಯ ವೇಳೆ ಮಗುವಿನ ಕಣ್ಣಿಗೆ ತಗುಲಿ ದೃಷ್ಟಿಯೇ ಹೋಗಬಹುದು. ಲೈಪ್ಜಿಗ್ ನಗರದ ಕಾರ್ಲ್ ಕ್ರೆಡೆ 1880ರ ದಶಕದ ಆರಂಭದಲ್ಲಿ ಹುಟ್ಟಿದ ಕೂಸಿನ ಕಣ್ಣಿಗೆ ಬೆಳ್ಳಿಯ ನೈಟ್ರೇಟ್ ದ್ರಾವಣ ಹಾಕುವ ಕ್ರಮ ತಂದದ್ದು ಇದನ್ನು ತಡೆಯಲೆಂದೇ.

ನಮ್ಮ ನಾಡಿನ ಮನೆಗಳಿಗೆ ಇದನ್ನು ಅನ್ವಯಿಸಿ ನೋಡಿ. ಮಕ್ಕಳಾಗದಿದ್ದರೆ ಬಂಜೆ ಎಂಬ ಮಾತು ಬೀಳುತ್ತಿದ್ದದ್ದು ಹೆಣ್ಣಿನ ಮೇಲೆ. ಹರಕೆ, ಉಪವಾಸಗಳೂ ಅವಳದೇ, ಸವತಿ ಬಂದರೆ ಸಂಕಟವೂ ಅವಳದೇ. ಗಂಡನ ಕಾಯಿಲೆ ಎಂದೋ ವಾಸಿಯಾಗಿತ್ತಲ್ಲ! ವಾಸಿಯಾಯಿತೆಂಬ ಹುಸಿ ಸಾಕ್ಷಿಯ ಬೆಲೆಯನ್ನು ತೆತ್ತವಳು ಮದ್ದು ಕುಡಿಯದವಳು.

ಸರ್ಕಾರಗಳ ದೃಷ್ಟಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಸೈನಿಕರಿಗೆ ಗುಹ್ಯರೋಗ ಅಂಟದಿರಲೆಂದು 1868ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ದಂಡು ಪ್ರದೇಶಗಳಲ್ಲಿ ಲಾಕ್ ಆಸ್ಪತ್ರೆಗಳೆಂಬ ಹೆಸರಿನ ಆಸ್ಪತ್ರೆಗಳಿದ್ದವು, ಬೆಂಗಳೂರಿನ ದಂಡಿನಲ್ಲೂ ಇತ್ತು. ವೇಶ್ಯಾವೃತ್ತಿಯವರೆಂದು ನೋಂದಾಯಿಸಿದ ಹೆಂಗಸರನ್ನು ಬಲವಂತವಾಗಿ ಪರೀಕ್ಷಿಸಿ, ಸೋಂಕು ಕಂಡರೆ ಅಲ್ಲಿ ಕೂಡಿಹಾಕುತ್ತಿದ್ದರು. ಅಂಥ ಬಲವಂತ ಗಂಡಸರಿಗಿರಲಿಲ್ಲ. 1888ರಲ್ಲಿ ಆ ಕಾಯಿದೆ ರದ್ದಾಯಿತು.

1937ರಲ್ಲಿ ಸಲ್ಫಾ ಔಷಧಗಳು ಗೊನೋರಿಯದ ಚಿಕಿತ್ಸೆಗೆ ಬಂದವು. ಸಲ್ಫಾಕ್ಕೆ ಬಗ್ಗದ ರೋಗಿಗಳೂ ಪೆನಿಸಿಲಿನ್‌ಗೆ ಗುಣವಾದರೆಂಬ ವರದಿ 1943ರಲ್ಲಿ ಪ್ರಕಟವಾಯಿತು. ಆಗ 'ಗುಣ' ಎಂಬ ಮಾತಿನ ಅರ್ಥವೇ ಬದಲಾಗಿತ್ತು. ರೋಗಿ ಹೇಳಿದ್ದಷ್ಟೇ ಸಾಲದು, ಪರೀಕ್ಷೆಯಲ್ಲಿ ರೋಗಾಣು ಇಲ್ಲವಾಗಬೇಕು. ಗಂಧದೆಣ್ಣೆ ಸದ್ದಿಲ್ಲದೆ ಈ ಚಿಕಿತ್ಸೆಯಿಂದ ಹಿಂದೆ ಸರಿಯಿತು. ಸಾಬೂನು, ಅತ್ತರು, ಊದುಬತ್ತಿಗಳಲ್ಲಿ ಅದರ ಬಾಳು ಮುಂದುವರಿಯಿತು.

ತಟ್ಟೆಯಲ್ಲಿ ಗೆದ್ದದ್ದು, ದೇಹದಲ್ಲಿ ಗೆದ್ದದ್ದು

ಹಾಗಾದರೆ ನಾಟಿ ಮದ್ದೆಲ್ಲ ಹುಸಿಯೇ ಎಂದು ಕೇಳಬಹುದು. ಹಾಗೆ ಹೇಳುವುದೂ ಸಾಕ್ಷಿಯಿಲ್ಲದ ಮಾತೇ. ಚೀನಾದ ಪ್ರಾಚೀನ ವೈದ್ಯಗ್ರಂಥದ ಸುಳಿವು ಹಿಡಿದು ಟು ಯುಯು ಎಂಬ ಮಹಿಳೆ 1970ರ ದಶಕದ ಆರಂಭದಲ್ಲಿ ಒಂದು ಗಿಡದಿಂದ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಎಂಬ ಔಷಧ ತೆಗೆದರು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಳೆಯ ಗ್ರಂಥ ಪ್ರಶ್ನೆಯನ್ನು ಕೊಟ್ಟಿತು, ಉತ್ತರ ಕೊಟ್ಟದ್ದು ಪ್ರಯೋಗ.

ಗಂಧದೆಣ್ಣೆಯನ್ನೂ ವಿಜ್ಞಾನಿಗಳು ಮರೆತಿಲ್ಲ. 1999ರಲ್ಲಿ ಬೆನೆನ್ಸಿಯ ಮತ್ತು ಕುರೆಜಸ್ ಎಂಬ ಇಬ್ಬರು ಸಂಶೋಧಕರು ಅದನ್ನು ಹರ್ಪಿಸ್ ವೈರಸ್ಸಿನ ಎರಡು ಬಗೆಗಳ ಮೇಲೆ ಪರೀಕ್ಷಿಸಿದರು. ಅದರಲ್ಲಿ ಎರಡನೆಯ ಬಗೆ ಲೈಂಗಿಕವಾಗಿ ಹರಡುವಂಥದ್ದು. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ವೈರಸ್ಸಿನ ಹೆಚ್ಚಳವನ್ನು ಎಣ್ಣೆ ತಡೆಯಿತು. ಒಳ್ಳೆಯ ಸುದ್ದಿಯೇ. ಆದರೆ ಗಾಜಿನ ತಟ್ಟೆಗೆ ಜಠರವಿಲ್ಲ, ಪಿತ್ತಕೋಶವಿಲ್ಲ, ಮೂತ್ರಪಿಂಡವಿಲ್ಲ. ತಟ್ಟೆಯಲ್ಲಿ ಗೆದ್ದ ಎಷ್ಟೋ ಪದಾರ್ಥಗಳು ದೇಹದಲ್ಲಿ ಸೋತಿವೆ. ತಟ್ಟೆಯ ಫಲಿತಾಂಶ ಮುಂದಿನ ಪರೀಕ್ಷೆಗೆ ಹಾಲ್‌ಟಿಕೆಟ್ ಇದ್ದಂತೆ, ಅದೇ ಅಂಕಪಟ್ಟಿಯಲ್ಲ.

ಈ ಅಂತರವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕಡೆ ನೋಡಬೇಕು. ಅಲ್ಲಿ ಎಚ್‌ಐವಿ ಸೋಂಕು ವ್ಯಾಪಕವಾಗಿ ಹರಡಿದ್ದ ವರ್ಷಗಳಲ್ಲಿ ಆರೋಗ್ಯ ಸಚಿವೆಯಾಗಿದ್ದ ಮಾಂಟೊ ಶಬಲಾಲ–ಸಿಮಾಂಗ್ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆ ಮತ್ತು ಆಫ್ರಿಕದ ಆಲೂಗಡ್ಡೆ ಎಂದು ಕರೆಯುವ ಒಂದು ನಾಟಿ ಗಡ್ಡೆಯನ್ನು ಎತ್ತಿ ಹೇಳಿದರು. ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳನ್ನು ಜನರಿಗೆ ಮುಟ್ಟಿಸುವಲ್ಲಿ ಸರ್ಕಾರ ತಡಮಾಡಿತು. ಈ ತಡದಿಂದ 2000ದಿಂದ 2005ರವರೆಗೆ 3,30,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು.

ಅದೇ ದೇಶ ಸರಿಯಾದ ದಾರಿಯನ್ನೂ ತೋರಿಸಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿ ಸದರ್ಲ್ಯಾಂಡಿಯ ಎಂಬ ಪೊದೆಯ ಎಲೆಯನ್ನು ಜನ ತಲೆಮಾರುಗಳಿಂದ ಹಲವು ಕಾಯಿಲೆಗಳಿಗೆ ಬಳಸುತ್ತ ಬಂದಿದ್ದಾರೆ. ಎಚ್‌ಐವಿ ಇರುವವರೂ ಬಳಸುತ್ತಿದ್ದರು. ವಿಜ್ಞಾನಿಗಳು ಅದನ್ನು ಹಳಿಯಲೂ ಇಲ್ಲ, ಹೊಗಳಲೂ ಇಲ್ಲ; ಪರೀಕ್ಷಿಸಿದರು. ಎಚ್‌ಐವಿ ಔಷಧವನ್ನು ಇನ್ನೂ ಶುರುಮಾಡಿರದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಎಲೆಯ ಕ್ಯಾಪ್ಸೂಲು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಮದ್ದಿಲ್ಲದ ಕ್ಯಾಪ್ಸೂಲು ಕೊಟ್ಟರು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. 24 ವಾರ ನೋಡಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ರಕ್ತದಲ್ಲಿನ ವೈರಸ್ಸಿನ ಪ್ರಮಾಣದಲ್ಲಾಗಲಿ, ರೋಗ ತಡೆಯುವ ಕೋಶಗಳ ಎಣಿಕೆಯಲ್ಲಾಗಲಿ ಎಲೆಯಿಂದ ಲಾಭ ಕಾಣಲಿಲ್ಲ. ಎಲೆ ತೆಗೆದುಕೊಂಡವರಲ್ಲಿ ಬೇರೆ ಸೋಂಕುಗಳ ಹೊರೆ ಕೊಂಚ ಹೆಚ್ಚಾಗಿಯೇ ಇತ್ತು. ಎಲೆಯ ಮೇಲೆ ಭರವಸೆ ಇಟ್ಟಿದ್ದವರಿಗೆ ಈ ಉತ್ತರ ನಿರಾಸೆ ತಂದಿರಬಹುದು. ಆದರೂ ಅದು ಗಟ್ಟಿ ಉತ್ತರ. ಹೊಸ ಔಷಧಕ್ಕಾಗಲಿ ಹಳೆಯ ಬೇರಿಗಾಗಲಿ ಇದೇ ತಕ್ಕಡಿ ಇರಬೇಕು.

ಗೊನೋರಿಯ ಮುಗಿದ ಕಥೆಯೇನೂ ಅಲ್ಲ. 2020ರಲ್ಲಿ ಜಗತ್ತಿನಲ್ಲಿ 8 ಕೋಟಿ 20 ಲಕ್ಷ ಹೊಸ ಸೋಂಕುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪೆನಿಸಿಲಿನ್ನನ್ನೇ ಮುರಿದುಹಾಕುವ ಗೊನೋರಿಯದ ತಳಿಗಳು 1976ರಲ್ಲಿ ಪತ್ತೆಯಾದವು. ಮುಂದೆ ಬಂದ ಹಲವು ಔಷಧಗಳಿಗೂ ಈ ರೋಗಾಣು ಒಂದೊಂದಾಗಿ ಒಗ್ಗಿಕೊಂಡಿತು. ಜೋಲಿಫ್ಲೋಡಾಸಿನ್ ಎಂಬ ಹೊಸ ಔಷಧವನ್ನು ದಕ್ಷಿಣ ಆಫ್ರಿಕ, ಥಾಯ್ಲೆಂಡ್ ಸೇರಿ ಐದು ದೇಶಗಳ 930 ಜನರಲ್ಲಿ ಹೋಲಿಸಿ ನೋಡಿದರು. ಚಾಲ್ತಿಯಲ್ಲಿದ್ದ ಚಿಕಿತ್ಸೆಗಿಂತ ಅದು ಕೀಳಲ್ಲವೆಂಬ ಫಲಿತಾಂಶ 2023ರಲ್ಲಿ ಹೊರಬಿತ್ತು. ಅಲ್ಲಿ ಗುಣದ ಅಳತೆ ಯಾವುದು ಗೊತ್ತೇ? ಮದ್ದಿನ ನಂತರ ಮಾದರಿ ತೆಗೆದು ಬೆಳೆಸಿದಾಗ ರೋಗಾಣು ಬೆಳೆಯದಿರುವುದು. ನೈಸರ್ ಮತ್ತು ಬುಮ್ ತೆರೆದ ದಾರಿಯೇ ಅದು.

ಸಂತೆಯಲ್ಲಿ, ಬಸ್ ನಿಲ್ದಾಣದ ಗೋಡೆಯ ಮೇಲೆ, ಈಗ ಕೈಯಲ್ಲಿರುವ ಮೊಬೈಲಿನಲ್ಲೂ ಗುಪ್ತರೋಗಗಳಿಗೆ ಖಾತರಿ ಚಿಕಿತ್ಸೆಯ ಜಾಹೀರಾತು ನೀವು ನೋಡಿರುತ್ತೀರಿ. ಅಂಥಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಕಾಯಿಲೆ ಯಾವುದೆಂದು ಪರೀಕ್ಷೆಯಿಂದ ತಿಳಿದುಕೊಂಡರೇ? ಮದ್ದು ತೆಗೆದುಕೊಳ್ಳದವರ ಜೊತೆ ಹೋಲಿಸಿ ನೋಡಿದರೇ? ಗುಣವಾಯಿತೆಂದು ಹೇಳಿದವರಾರು, ರೋಗಿಯ ಬಾಯೋ ಪ್ರಯೋಗಾಲಯದ ವರದಿಯೋ? ಜೊತೆಗಾರರಿಗೂ ಪರೀಕ್ಷೆ, ಚಿಕಿತ್ಸೆ ಆಯಿತೇ? ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆ ಉಚಿತ ತಪಾಸಣೆ, ಚಿಕಿತ್ಸೆ ಇದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡರೆ ಸೋಂಕು ಮನೆಯ ಇನ್ನೊಬ್ಬರಿಗೆ ಹೋಗುತ್ತದೆ.

ಎಳನೀರಿನಲ್ಲಿ ತೇದ ಗಂಧ ಬೇಸಗೆಯ ಉರಿಗೆ ತಂಪೆನಿಸಿದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಉರಿ ತಣ್ಣಗಾದ ದಿನವೇ ಸೋಂಕೂ ಹೋಯಿತೆಂದು ನಂಬಬಾರದು. ಅದನ್ನು ಹೇಳಬೇಕಾದದ್ದು ಪರೀಕ್ಷೆ.